ಬಾಳೂರಿಗೆ ಬಾಲಿ ಬರುವ ಮೊದಲು

ಕೊಟ್ಟಿಗೆಹಾರದಿಂದ ಬಾಳೂರಿಗೆ ಹೋಗುವ ದಾರಿಯಲ್ಲಿ, ಕಾಫಿ ತೋಟವೊಂದರ ಗೇಟಿಗೆ ಹೊಸ ಬೋರ್ಡ್ ಬಿದ್ದಿದೆ: ‘ಬಾಲಿ ಸ್ವಿಂಗ್, ತಲೆಗೆ 300 ರೂಪಾಯಿ’. ಎರಡು ಸಿಲ್ವರ್ ಮರಗಳ ನಡುವೆ ಕಬ್ಬಿಣದ ಕಮಾನು, ಅದಕ್ಕೊಂದು ಉಯ್ಯಾಲೆ, ಕೆಳಗೆ ಕಣಿವೆ. ಉದ್ದ ಗೌನು ಬಾಡಿಗೆಗೆ ಬೇರೆ ಸಿಗುತ್ತೆ. ಜೀಕಿದರೆ ಮಂಜಿನ ಮೇಲೆ ತೇಲಿದ ಹಾಗೆ ಫೋಟೊ ಬರುತ್ತೆ. ನಮ್ಮಜ್ಜಿಯ ಕಾಲದಲ್ಲಿ ಆ ಜಾಗದಲ್ಲಿ ಏಲಕ್ಕಿ ಇತ್ತು. ಅಲ್ಲಿಗೆ ಯಾರನ್ನೂ ದುಡ್ಡು ಕೊಟ್ಟು ಕರೆಸುವ ಅಗತ್ಯ ಬಿದ್ದಿರಲಿಲ್ಲ, ಜಿಗಣೆಗೆ ಹೆದರಿ ದುಡ್ಡು ಕೊಟ್ಟರೂ ಯಾರೂ ಬರ್ತಿರಲಿಲ್ಲ.

ಆ ಬೋರ್ಡಿನ ಎದುರು ಬೈಕ್ ನಿಲ್ಲಿಸಿ ನನ್ನ ಚಿಕ್ಕಪ್ಪನ ಮಗ ಕೇಳಿದ: “ಅಣ್ಣಾ, ಅಂಬಳೆಗೆ ವಿಮಾನ ಬರುತ್ತಂತಲ್ಲ, ಹೌದಾ? ನೀನು ಪೇಪರ್‌ನಲ್ಲಿ ಇರೋನು, ಸರಿಯಾಗಿ ಹೇಳು. ವಿಮಾನ ಬರೋದೇ ಆದ್ರೆ ನಾನೂ ನಾಕು ಕಾಟೇಜ್ ಹಾಕ್ತೀನಿ. ಬ್ಯಾಂಕಿನವರು ತೋಟದ ಮೇಲೆ ಸಾಲ ಕೊಡ್ತಾರಂತೆ.”

ಅವನಿಗಿರೋದು ಮೂರು ಎಕರೆ, ಅದರಲ್ಲಿ ಒಂದೂವರೆ ಎಕರೆ ಇಳಿಜಾರು. ಹಾಗಾಗಿ ‘ಬಂದ್ರೂ ಬರಬಹುದು ಮಾರಾಯ’ ಅಂತ ಹಾರಿಸಿ ಬಿಡೋಕೆ ಮನಸ್ಸಾಗಲಿಲ್ಲ. ಅವನಿಗೆ ಕೊಡಬೇಕಾದ ಉತ್ತರವನ್ನೇ ಇಲ್ಲಿ ಸ್ವಲ್ಪ ಉದ್ದಕ್ಕೆ ಬರೀತಿದ್ದೀನಿ. ಮಲೆನಾಡಿನಲ್ಲಿ ಈಗ ಅವನೊಬ್ಬನೇ ಈ ಪ್ರಶ್ನೆ ಕೇಳ್ತಿಲ್ಲ.

ಬಾಲಿಯಿಂದಲೇ ಶುರು ಮಾಡೋಣ, ಹೇಗೂ ಬೋರ್ಡಿಗೆ ಬಂದು ಕೂತಿದೆಯಲ್ಲ.

2024ರ ಮಾರ್ಚ್ ಕೊನೆಯಲ್ಲಿ ಇಂಡಿಗೊ ಬೆಂಗಳೂರಿನಿಂದ ಬಾಲಿಯ ಡೆನ್‌ಪಸಾರ್‌ಗೆ ನೇರ ವಿಮಾನ ಶುರು ಮಾಡಿತು. ಅದೇ ವರ್ಷ ಕಾಲೇಜು ಗೆಳೆಯರ ಗುಂಪಿನ ಜೊತೆ ನಾನೂ ಹೋದೆ. (ಪರಿಸರದ ಬಗ್ಗೆ ಕಾಲಂ ಬರೆಯುವವನು ಬಾಲಿಗೆ ಹೋಗಿದ್ದನ್ನು ಮುಚ್ಚಿಟ್ಟು ಬರೆಯೋದು ನಾಚಿಕೆಗೇಡು, ಅದಕ್ಕೇ ಮೊದಲೇ ಹೇಳಿಬಿಟ್ಟೆ.) ಕಿಟಕಿ ಸೀಟಿನಲ್ಲಿ ಕೂತಿದ್ದೆ. ಇಳಿಯುವಾಗ ಕೊನೇ ಕ್ಷಣದವರೆಗೂ ಕೆಳಗೆ ಬರೀ ನೀರು. ಚಕ್ರ ಇನ್ನೇನು ಸಮುದ್ರಕ್ಕೆ ತಾಗಿತು ಅನ್ನುವಾಗ ರನ್‌ವೇ ಕಾಣಿಸುತ್ತೆ. ಆ ರನ್‌ವೇಗೆ ಒಂದು ಕಥೆ ಇದೆ. 1930ರ ಹೊತ್ತಿಗೆ ಡಚ್ಚರು ಟುಬಾನ್ ಎಂಬ ಹಳ್ಳಿಯಲ್ಲಿ 700 ಮೀಟರಿನ ಒಂದು ಪಟ್ಟಿ ಮಾಡಿದ್ದರು. 1960ರ ದಶಕದಲ್ಲಿ ದೊಡ್ಡ ಜೆಟ್‌ಗಳು ಇಳಿಯಬೇಕು ಅಂತ ಅದನ್ನು ಪಶ್ಚಿಮಕ್ಕೆ, ಸಮುದ್ರ ತುಂಬಿಸಿ, 2,700 ಮೀಟರಿಗೆ ಎಳೆದರು. 1969ರಲ್ಲಿ ಅಧ್ಯಕ್ಷ ಸುಹಾರ್ತೊ ಉದ್ಘಾಟಿಸಿದರು. ಡಚ್ಚರ ವಿರುದ್ಧ ಹೋರಾಡಿ ಸತ್ತ ಇ ಗುಸ್ತಿ ಙುರಾ ರಾಯ್ ಅವರ ಹೆಸರು ಅದಕ್ಕೆ. ಈಗ ಅದು 3,000 ಮೀಟರ್.

ಸಮುದ್ರಕ್ಕೆ ಅಷ್ಟುದ್ದ ಕಟ್ಟೆ ಚಾಚಿದರೆ ಅಲೆಗಳ ಜೊತೆ ಮರಳು ಸಾಗುವ ದಾರಿ ಬದಲಾಗುತ್ತೆ. ಸಿವಿಲ್ ಓದಿದವರಿಗೆ ಇದು ಗೊತ್ತಿರುವ ಪಾಠ. ಪಕ್ಕದ ಕುಟಾ ಬೀಚ್ ಸವೆಯತೊಡಗಿತು, ಹವಳದ ದಿಬ್ಬ ಅಗೆದದ್ದೂ ಅದಕ್ಕೆ ಸೇರಿತು. ಕೊನೆಗೆ ಜಪಾನಿನ ಸಾಲದಲ್ಲಿ ಬೇರೆ ಕಡೆಯಿಂದ ಮರಳು ತಂದು ಸುರಿದು ಬೀಚನ್ನು ಮತ್ತೆ ಕಟ್ಟಬೇಕಾಯಿತು. ಜನ ಯಾವ ಬೀಚ್ ನೋಡಲಿ ಅಂತ ವಿಮಾನ ನಿಲ್ದಾಣ ಮಾಡಿದರೋ ಅದೇ ಬೀಚು!

ಈಗ ಒಂದು ಹೋಲಿಕೆ. ಬಾಲಿ ನಮ್ಮ ಚಿಕ್ಕಮಗಳೂರು ಜಿಲ್ಲೆಗಿಂತ ಚಿಕ್ಕದು. ನಮ್ಮದು 7,200 ಚದರ ಕಿಲೋಮೀಟರ್, ಅದು 5,800ರ ಒಳಗೆ. ಅಲ್ಲಿನ ಜನಸಂಖ್ಯೆ ಸುಮಾರು 44 ಲಕ್ಷ, 2024ರಲ್ಲಿ ಬಂದ ವಿದೇಶಿ ಪ್ರವಾಸಿಗಳು ಸುಮಾರು 63 ಲಕ್ಷ. ಇಂಡೊನೇಷ್ಯಾದ ಒಳಗಿನಿಂದ ಬಂದವರ ಲೆಕ್ಕ ಬೇರೆ. ವಿದೇಶಿಯರಲ್ಲಿ ಆಸ್ಟ್ರೇಲಿಯಾದವರ ನಂತರ ಎರಡನೇ ಸ್ಥಾನ ನಮ್ಮ ದೇಶದ್ದು. ಇದರಿಂದ ಬಾಲಿಗೆ ದುಡ್ಡು ಬಂದಿಲ್ಲವೇ? ಖಂಡಿತ ಬಂದಿದೆ. ನಮ್ಮನ್ನು ಸುತ್ತಾಡಿಸಿದ ಡ್ರೈವರ್‌ನ ಅಪ್ಪ ಗದ್ದೆ ಮಾಡ್ತಿದ್ದರಂತೆ. ಮಗಳು ನರ್ಸಿಂಗ್ ಓದ್ತಿದ್ದಾಳೆ ಅಂತ ಹೇಳುವಾಗ ಅವನ ಮುಖ ನೋಡಬೇಕಿತ್ತು. ಪ್ರವಾಸೋದ್ಯಮ ಅಂದರೆ ಬರೀ ಹಾಳು ಅಂತ ಬೆಂಗಳೂರಿನಲ್ಲಿ ಕೂತು ಬರೆಯುವವರು ಇಂಥವರ ಜೊತೆ ಒಂದು ಗಂಟೆ ಮಾತಾಡಬೇಕು.

ಆದರೆ ಅದೇ ಡ್ರೈವರ್ 2021ರ ಬಗ್ಗೆಯೂ ಹೇಳಿದ. ಕೋವಿಡ್ ಬಂದು ವಿಮಾನ ನಿಂತಾಗ, ಆ ಇಡೀ ವರ್ಷ ಬಾಲಿಗೆ ಅಧಿಕೃತವಾಗಿ ಬಂದಿಳಿದ ವಿದೇಶಿ ಪ್ರವಾಸಿಗಳ ಸಂಖ್ಯೆ ನೂರನ್ನೂ ಮುಟ್ಟಲಿಲ್ಲ. ಲಕ್ಷದ ಲೆಕ್ಕವಲ್ಲ, ಬರೀ ನೂರು! ಅದಕ್ಕೂ ಹಿಂದಿನ ವರ್ಷ ಅಲ್ಲಿನ ಆರ್ಥಿಕತೆ ಶೇ 9ಕ್ಕೂ ಹೆಚ್ಚು ಕುಗ್ಗಿತ್ತು. ಅವನ ಮನೆಯವರು ಕಡಲಪಾಚಿ ಬೆಳೆಯೋಕೆ ವಾಪಸ್ ಹೋದರಂತೆ. ಗದ್ದೆ ಮಾರಿ ಆಗಿತ್ತು.

ಗದ್ದೆ ಮಾರಿದ್ದು ಅವನೊಬ್ಬನೇ ಅಲ್ಲ. ಬಾಲಿಯಲ್ಲಿ ‘ಸುಬಕ್’ ಅಂತ ಒಂದು ವ್ಯವಸ್ಥೆ ಇದೆ. ಮೇಲಿನ ಗದ್ದೆಯವರೂ ಕೆಳಗಿನ ಗದ್ದೆಯವರೂ ದೇವಸ್ಥಾನದ ಸುತ್ತ ಸೇರಿ ನೀರು ಹಂಚಿಕೊಳ್ಳುವ ನೂರಾರು ವರ್ಷಗಳ ಕ್ರಮ. 2012ರಲ್ಲಿ ಯುನೆಸ್ಕೊ ಅದಕ್ಕೆ ವಿಶ್ವ ಪರಂಪರೆ ಪಟ್ಟ ಕೊಟ್ಟಿತು. ಆ ಪಟ್ಟವನ್ನು ನೋಡೋಕೆ ಬಂದವರಿಗೆ ವಿಲ್ಲಾ ಬೇಕಲ್ಲ, ಗದ್ದೆಯ ಮೇಲೇ ವಿಲ್ಲಾ ಎದ್ದವು. ದಕ್ಷಿಣದಲ್ಲಿ ಅಂತರ್ಜಲ ಇಳಿದು ಬಾವಿಗೆ ಉಪ್ಪುನೀರು ನುಗ್ಗುತ್ತಿದೆ. 2025ರ ಸೆಪ್ಟೆಂಬರ್‌ನಲ್ಲಿ ಮಳೆ ಹೊಡೆದು ಪ್ರವಾಹದಲ್ಲಿ ಹದಿನೈದಕ್ಕೂ ಹೆಚ್ಚು ಜನ ಸತ್ತ ಮೇಲೆ, ಗದ್ದೆಯ ಮೇಲೆ ಹೊಸ ಹೋಟೆಲು ಕಟ್ಟೋಕೆ ಇನ್ನು ಅನುಮತಿ ಇಲ್ಲ ಅಂತ ಅಲ್ಲಿನ ಗವರ್ನರ್ ಹೇಳಿದರು. ಇದರ ಜೊತೆಜೊತೆಗೇ ದ್ವೀಪದ ಉತ್ತರಕ್ಕೆ ಇನ್ನೊಂದು ಅಂತರರಾಷ್ಟ್ರೀಯ ನಿಲ್ದಾಣ ಬೇಕು ಅನ್ನುವ ಯೋಜನೆ ವರ್ಷಗಳಿಂದ ಎಳೆದಾಡುತ್ತಿದೆ. ಒಮ್ಮೆ ಊರಿನ ದೇವಸ್ಥಾನದ ಜಮೀನಿನ ಮೇಲೆ, ಒಮ್ಮೆ ಸಮುದ್ರದ ಮೇಲೆ.

ಇಷ್ಟು ಬಾಲಿ ಸಾಕು. ಅಂಬಳೆಗೆ ಬರೋಣ.

ಅಂಬಳೆಯ ಲೆಕ್ಕ

ಚಿಕ್ಕಮಗಳೂರಿಗೆ ವಿಮಾನ ಅನ್ನೋದು ಹೊಸ ಮಾತಲ್ಲ, ನಾನು ಇಂಜಿನಿಯರಿಂಗ್ ಓದುವಾಗಿಂದ ಕೇಳ್ತಿದ್ದೀನಿ. 2023ರಲ್ಲಿ ಮೂಲಸೌಕರ್ಯ ಸಚಿವ ಎಂ.ಬಿ. ಪಾಟೀಲರು ಚಿಕ್ಕಮಗಳೂರು, ಕೊಡಗು, ಧರ್ಮಸ್ಥಳಗಳಲ್ಲಿ ಏರ್‌ಸ್ಟ್ರಿಪ್ ಮಾಡುವ ಮಾತಾಡಿದ ಮೇಲೆ ಅದಕ್ಕೆ ಮತ್ತೆ ಜೀವ ಬಂತು. ಚಿಕ್ಕಮಗಳೂರಿನದಕ್ಕೆ ಗುರುತಾಗಿರುವುದು ಅಂಬಳೆ ಬಳಿಯ ನೂರಿಪ್ಪತ್ತು ಎಕರೆಯ ಆಸುಪಾಸಿನ ಜಾಗ, ಇನ್ನಷ್ಟು ಸೇರಿಸಬೇಕು ಅನ್ನುವ ಪ್ರಸ್ತಾಪ ಇದೆ. ಇಲ್ಲೊಂದು ವಿಷಯ ಗಮನಿಸಿ: ಸರ್ಕಾರ ಹೇಳ್ತಿರೋದು ಏರ್‌ಸ್ಟ್ರಿಪ್. ಊರಲ್ಲಿ ಕಿವಿಗೆ ಬೀಳ್ತಿರೋದು ‘ಏರ್‌ಪೋರ್ಟ್’. ರಿಯಲ್ ಎಸ್ಟೇಟ್ ಬ್ರೋಷರ್‌ನಲ್ಲಿ ಅದು ‘ಪ್ರಸ್ತಾವಿತ ಇಂಟರ್‌ನ್ಯಾಷನಲ್ ಏರ್‌ಪೋರ್ಟಿಗೆ ಕೇವಲ 40 ನಿಮಿಷ’ ಆಗಿಬಿಟ್ಟಿರುತ್ತೆ. ಈ ಮೂರು ಮಾತಿನ ನಡುವೆ ಅಜಗಜಾಂತರ ಇದೆ.

ಎಷ್ಟು ಅಂತ ಲೆಕ್ಕ ಹಾಕೋಣ. ಶಿವಮೊಗ್ಗದ ಸೋಗಾನೆಯಲ್ಲಿ 2023ರ ಫೆಬ್ರುವರಿ 27ರಂದು ಪ್ರಧಾನಿ ಉದ್ಘಾಟಿಸಿದ ಕುವೆಂಪು ವಿಮಾನ ನಿಲ್ದಾಣದ ರನ್‌ವೇ 3,200 ಮೀಟರ್. ಅದಕ್ಕೆ ಬೇಕಾದದ್ದು ಏಳುನೂರಕ್ಕೂ ಹೆಚ್ಚು ಎಕರೆ, ಸುಮಾರು 450 ಕೋಟಿ ರೂಪಾಯಿ. ಅಂಬಳೆಯ ನೂರಿಪ್ಪತ್ತು–ನೂರೈವತ್ತು ಎಕರೆಯಲ್ಲಿ ಹಿಡಿಸೋದು ಸುಮಾರು 1,200 ಮೀಟರ್, ಬಹಳ ಎಳೆದಾಡಿದರೆ ಇನ್ನೊಂಚೂರು ಜಾಸ್ತಿ. 1,200 ಮೀಟರ್ ಅಂದರೆ ಲಕ್ಷದ್ವೀಪದ ಅಗತ್ತಿಯ ರನ್‌ವೇ ಎಷ್ಟಿದೆಯೋ ಹೆಚ್ಚುಕಡಿಮೆ ಅಷ್ಟು. ಅಗತ್ತಿಗೆ 2024ರ ಮಾರ್ಚ್ 31ರಿಂದ ಬೆಂಗಳೂರಿನಿಂದ 78 ಸೀಟಿನ ಎಟಿಆರ್ ಹೋಗ್ತಿದೆಯಲ್ಲ, ಹಾಗಾದ್ರೆ ಇಲ್ಲಿಗೂ ಬರಬಹುದಲ್ಲ ಅಂತ ನೀವು ಕೇಳಬಹುದು. ನನ್ನ ತಮ್ಮನೂ ಇದನ್ನೇ ಕೇಳಿದ.

ಇಲ್ಲಿ ನಾನು ಓದಿ ಮರೆತ ಇಂಜಿನಿಯರಿಂಗ್ ಸ್ವಲ್ಪ ಉಪಯೋಗಕ್ಕೆ ಬರುತ್ತೆ. ಅಗತ್ತಿ ಇರೋದು ಸಮುದ್ರಮಟ್ಟದಲ್ಲಿ. ಚಿಕ್ಕಮಗಳೂರಿನ ಸೀಮೆ ಸುಮಾರು 1,000 ಮೀಟರ್ ಎತ್ತರ. ಮೇಲೆ ಹೋದ ಹಾಗೆ ಗಾಳಿ ತೆಳುವಾಗುತ್ತೆ, ರೆಕ್ಕೆಗೆ ಎತ್ತುವ ಶಕ್ತಿ ಕಡಿಮೆಯಾಗುತ್ತೆ, ಇಂಜಿನ್ನೂ ಸೋಲುತ್ತೆ. ಅದಕ್ಕೆ ಪಠ್ಯಪುಸ್ತಕದ ಲೆಕ್ಕ: ಪ್ರತಿ 300 ಮೀಟರ್ ಎತ್ತರಕ್ಕೆ ರನ್‌ವೇ ಉದ್ದ ಶೇ 7ರಷ್ಟು ಹೆಚ್ಚಬೇಕು. 1,000 ಮೀಟರಿಗೆ ಶೇ 23 ಆಯಿತು. ಆಮೇಲೆ ಬಿಸಿ. ಆ ಎತ್ತರಕ್ಕೆ ‘ಪ್ರಮಾಣಿತ’ ಅಂತ ಇಟ್ಟುಕೊಂಡಿರುವ ಉಷ್ಣಾಂಶ ಸುಮಾರು 8.5 ಡಿಗ್ರಿ, ಏಪ್ರಿಲ್ ಮಧ್ಯಾಹ್ನ ಚಿಕ್ಕಮಗಳೂರಿನಲ್ಲಿ 31 ಅಂತ ಹಿಡಿಯಿರಿ. ಹೆಚ್ಚಾದ ಒಂದೊಂದು ಡಿಗ್ರಿಗೂ ಶೇ 1. ಎರಡನ್ನೂ ಗುಣಿಸಿದರೆ ಒಂದೂವರೆ ಪಟ್ಟು. ಸಮುದ್ರಮಟ್ಟದಲ್ಲಿ 1,200 ಮೀಟರ್ ಸಾಕಾಗುವ ವಿಮಾನಕ್ಕೆ ಇಲ್ಲಿ 1,800 ಬೇಕು. ಎತ್ತರ ಮತ್ತು ಬಿಸಿಯ ತಿದ್ದುಪಡಿ ಸೇರಿ ಶೇ 35 ದಾಟಿದರೆ ಆ ಜಾಗಕ್ಕೇ ಪ್ರತ್ಯೇಕ ಅಧ್ಯಯನ ಮಾಡಬೇಕು ಅಂತಲೂ ಅದೇ ಪುಸ್ತಕ ಹೇಳುತ್ತೆ. ನಾವು ಅದನ್ನು ಆಗಲೇ ದಾಟಿ ಮುಂದೆ ಹೋಗಿದ್ದೀವಿ.

ಎಟಿಆರ್-72 ತುಂಬಿದ ತೂಕದಲ್ಲಿ ಏರೋಕೆ ಸಮುದ್ರಮಟ್ಟದಲ್ಲೇ 1,300 ಮೀಟರ್ ಆಸುಪಾಸು ಬೇಕು. ಅಂಬಳೆಯ ಬೇಸಿಗೆಗೆ ಅದು 2,000ದ ಹತ್ತಿರ ಹೋಗುತ್ತೆ. ಕಡಿಮೆ ಇಂಧನ, ಅರ್ಧ ಸೀಟು ಖಾಲಿ ಅಂತ ಹಾರಿಸಬಹುದು, ಆದರೆ ಹಾಗೆ ಹಾರಿಸಿದ ಕಂಪನಿಗೆ ಲಾಭ ಎಲ್ಲಿಂದ ಬರಬೇಕು? ಹಾಗಾಗಿ ಅಲ್ಲಿ ಇಳಿಯೋದು ಹತ್ತು, ಹೆಚ್ಚೆಂದರೆ ಹತ್ತೊಂಬತ್ತು ಸೀಟಿನ ಸಣ್ಣ ವಿಮಾನ. ದಿನಕ್ಕೆ ಎರಡು ಬಂದವು, ಎರಡೂ ತುಂಬಿದವು ಅಂತಲೇ ಇಟ್ಟುಕೊಳ್ಳಿ. 38 ಜನ. ಅಂದರೆ ಮೂರು ಟಿಟಿ ಗಾಡಿ! ವೀಕೆಂಡಿನಲ್ಲಿ ಕೈಮರದ ಚೆಕ್‌ಪೋಸ್ಟಿನಲ್ಲಿ ಮೂರು ಟಿಟಿ ಐದು ನಿಮಿಷದಲ್ಲಿ ಬರ್ತವೆ.

ಸಮಯದ ಲೆಕ್ಕ ಇನ್ನೂ ತಮಾಷೆ. ಜಯನಗರದಿಂದ ದೇವನಹಳ್ಳಿಗೆ ಒಂದೂವರೆ ಗಂಟೆ, ಅಲ್ಲಿ ಒಂದು ಗಂಟೆ ಕಾಯಬೇಕು, ಹಾರಾಟ ನಲವತ್ತು–ಐವತ್ತು ನಿಮಿಷ, ಇಳಿದು ಹೊರಗೆ ಬರೋಕೆ ಇಪ್ಪತ್ತು ನಿಮಿಷ. ಅಂಬಳೆಯಿಂದ ಮೂಡಿಗೆರೆ ಮೇಲೆ ಬಾಳೂರಿಗೆ ಎಪ್ಪತ್ತು ಕಿಲೋಮೀಟರಿನ ಹತ್ತಿರ, ಎರಡು ಗಂಟೆ. ಒಟ್ಟು ಐದೂವರೆ ಗಂಟೆಯ ಮೇಲೆ. ಅಷ್ಟು ಹೊತ್ತಿಗೆ ಕಾರಿನಲ್ಲಿ ಹೊರಟವನು ಬಾಳೂರಿಗೆ ಬಂದು, ಬಿಸಿನೀರು ಸ್ನಾನ ಮಾಡಿ, ಕಡುಬು ತಿಂದು ಕೂತಿರ್ತಾನೆ.

ಇನ್ನು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗುಡ್ಡದ ಮೇಲೆ ಕೂತ ಮೋಡ ಅಲ್ಲೇ ಕೂತಿರುತ್ತೆ. ಅಂಬಳೆ ಬಯಲುಸೀಮೆಯ ಕಡೆಗಿದೆ, ಬಾಳೂರಿನಷ್ಟು ಮಳೆ ಇಲ್ಲ, ಒಪ್ಪೋಣ. ಆದರೆ 3,200 ಮೀಟರ್ ರನ್‌ವೇ ಇರುವ ಶಿವಮೊಗ್ಗದಲ್ಲೇ 2023ರ ಆಗಸ್ಟ್ 31ಕ್ಕೆ ಹಾರಾಟ ಶುರುವಾದ ಮೇಲೂ ಮಂಜು, ಮೋಡ, ರಾತ್ರಿ ಇಳಿಯುವ ಸೌಲಭ್ಯ ಇಲ್ಲದ್ದು ಅಂತ ವಿಮಾನಗಳು ರದ್ದಾದದ್ದು ಅಲ್ಲಿನವರಿಗೆಲ್ಲ ಗೊತ್ತು.

‘ಶುರುವಿನಲ್ಲಿ ಹಾಗೇ ಇರುತ್ತೆ, ಆಮೇಲೆ ಸರಿಹೋಗುತ್ತೆ’ ಅನ್ನುವವರು ಸಿಎಜಿಯ 2023ರ ವರದಿ ಓದಬೇಕು. ಸಣ್ಣ ಊರುಗಳಿಗೆ ಸಬ್ಸಿಡಿ ಕೊಟ್ಟು ವಿಮಾನ ಓಡಿಸುವ ಕೇಂದ್ರದ ಉಡಾನ್ ಯೋಜನೆಯ ಮೊದಲ ಮೂರು ಸುತ್ತುಗಳಲ್ಲಿ ಹಂಚಿದ್ದು 774 ಮಾರ್ಗ. 403 ಶುರುವೇ ಆಗಲಿಲ್ಲ. ಶುರುವಾದ 371ರಲ್ಲಿ ಸಬ್ಸಿಡಿಯ ಮೂರು ವರ್ಷ ಪೂರ್ತಿ ಓಡಿದ್ದು 112. ಸಬ್ಸಿಡಿ ಮುಗಿದ ಮೇಲೂ, 2023ರ ಮಾರ್ಚ್‌ವರೆಗೆ, ಉಳಿದದ್ದು 54. ನಮ್ಮ ಬೀದರ್‌ನವರನ್ನು ಕೇಳಿ: 2020ರ ಫೆಬ್ರುವರಿಯಲ್ಲಿ ಶುರುವಾಯಿತು, ನಿಂತಿತು, ಮತ್ತೆ ಬಂತು, 2023ರ ಕೊನೆಗೆ ಮತ್ತೆ ನಿಂತಿತು, 2025ರ ಏಪ್ರಿಲ್‌ನಲ್ಲಿ ಇನ್ನೊಮ್ಮೆ ಶುರು. ಇಂಥ ಹಾರಾಟದ ಭರವಸೆ ಮೇಲೆ ಹದಿನೈದು ವರ್ಷದ ಸಾಲ ಮಾಡೋಕಾಗುತ್ತಾ?

ಹಾಗಾದರೆ ಯಾರಿಗೆ ಬೇಕು ಇದು? ಸ್ವಂತ ಅಥವಾ ಬಾಡಿಗೆ ವಿಮಾನದಲ್ಲಿ ಬರುವವರಿಗೆ. ಚುನಾವಣೆ ಕಾಲದಲ್ಲಿ ರಾಜಕಾರಣಿಗಳಿಗೆ. ಮುಖ್ಯವಾಗಿ, ಅದು ಬರುತ್ತೆ ಅನ್ನುವ ಸುದ್ದಿಯನ್ನು ಮಾರುವವರಿಗೆ. ಸುದ್ದಿ ಮಾರೋಕೆ ವಿಮಾನ ಇಳಿಯಲೇಬೇಕು ಅಂತೇನಿಲ್ಲ.

ಚಾರ್ಮಾಡಿಯ ರಾತ್ರಿ

ಏರ್‌ಸ್ಟ್ರಿಪ್ ಪರವಾಗಿ ಒಂದು ಗಟ್ಟಿ ವಾದ ಇದೆ, ಅದನ್ನು ಬದಿಗೆ ತಳ್ಳೋಕೆ ನನ್ನಿಂದ ಆಗಲ್ಲ. ತುರ್ತು ಚಿಕಿತ್ಸೆ.

ಕೆಲವು ವರ್ಷದ ಹಿಂದೆ ಒಂದು ಜುಲೈ ರಾತ್ರಿ ನಮ್ಮ ದೊಡ್ಡಪ್ಪನಿಗೆ ಎದೆನೋವು ಬಂತು. ಹನ್ನೊಂದು ಗಂಟೆ, ಕರೆಂಟಿಲ್ಲ, ಫೋನ್ ಸಿಗ್ನಲ್ಲಿಗೆ ಮನೆ ಹಿಂದಿನ ದಿಬ್ಬ ಹತ್ತಬೇಕು. ಆಂಬುಲೆನ್ಸ್ ಬಂದು ಕೊಟ್ಟಿಗೆಹಾರ ದಾಟುವಾಗ ಒಂದು ಗಂಟೆಯಾಗಿತ್ತು. ಚಾರ್ಮಾಡಿಯಲ್ಲಿ ಮಂಜು ಎಷ್ಟಿತ್ತೆಂದರೆ ಡ್ರೈವರ್ ಪಕ್ಕದ ಹುಡುಗ ತಲೆ ಹೊರಗೆ ಹಾಕಿ ‘ಎಡಕ್ಕೆ, ಎಡಕ್ಕೆ’ ಅಂತ ಹೇಳ್ತಿದ್ದ. ಆರೇಳು ತಿರುವು ಇಳಿದ ಮೇಲೆ ರಸ್ತೆಗಡ್ಡ ಮರ. ಕತ್ತಿಯಲ್ಲಿ ಕೊಂಬೆ ಕಡಿದು ದಾರಿ ಮಾಡಿದೆವು. ಮಂಗಳೂರಿಗೆ ಮುಟ್ಟುವಾಗ ಬೆಳಗಾಗ್ತಿತ್ತು. ಬದುಕಿದ್ದಾರೆ. ಆದರೆ ಹೃದಯದ ಒಂದು ಭಾಗ ಕೆಲಸ ಮಾಡಲ್ಲ, ತೋಟದ ಏರು ಹತ್ತೋಕಾಗಲ್ಲ. ‘ಎರಡು ಗಂಟೆ ಮೊದಲು ಬಂದಿದ್ರೆ’ ಅಂದರು ಡಾಕ್ಟರು.

ಹಾಗಾಗಿ ವಿಮಾನ ಅಂದ ತಕ್ಷಣ ನನ್ನ ದೊಡ್ಡಮ್ಮನಿಗೆ ನೆನಪಾಗೋದು ಬಾಲಿ ಅಲ್ಲ, ಆ ರಾತ್ರಿ. ಆದರೆ ಅಂಬಳೆಯಲ್ಲಿ ಏರ್‌ಸ್ಟ್ರಿಪ್ ಇದ್ದಿದ್ದರೆ ಆ ರಾತ್ರಿ ಏನಾಗ್ತಿತ್ತು? ಏನೂ ಆಗ್ತಿರಲಿಲ್ಲ. ರಾತ್ರಿ, ಮಳೆ, ಮೋಡ. ಅಲ್ಲಿಗೆ ಹೋಗೋಕೇ ಎರಡು ಗಂಟೆ. ಅಗತ್ತಿಯಂಥ ರನ್‌ವೇ ಇರುವ ಲಕ್ಷದ್ವೀಪದಲ್ಲೂ ಗಂಭೀರ ರೋಗಿಗಳನ್ನು ದ್ವೀಪಗಳಿಂದ ಕೊಚ್ಚಿಗೆ ಸಾಗಿಸೋಕೆ ಹೆಲಿಕಾಪ್ಟರ್ ನೆಚ್ಚಿಕೊಂಡಿದ್ದಾರೆ. ಹೆಲಿಕಾಪ್ಟರಿಗೆ ಬೇಕಾಗೋದು ಒಂದು ಮೈದಾನ, ಅದೂ ಹಗಲು, ಮೋಡ ತೆರೆದಿದ್ದರೆ. ಬಾಳೂರಿಗೆ ಬೇಕಾಗಿರೋದು ಮೂಡಿಗೆರೆಯಲ್ಲಿ ರಾತ್ರಿಯೂ ರಕ್ತ ಕರಗಿಸುವ ಇಂಜೆಕ್ಷನ್ ಕೊಡಬಲ್ಲ ಒಬ್ಬ ಡಾಕ್ಟರು, ಕಳಸದಲ್ಲಿ ಓಡುವ ಸ್ಥಿತಿಯಲ್ಲಿರುವ ಇನ್ನೊಂದು ಆಂಬುಲೆನ್ಸು, ಚಾರ್ಮಾಡಿಯಲ್ಲಿ ಕುಸಿಯದ ತಡೆಗೋಡೆ. ಇದರಲ್ಲಿ ಯಾವುದಕ್ಕೂ ಯಾರೂ ರಿಬ್ಬನ್ ಕತ್ತರಿಸಲ್ಲ, ಅದೇ ತೊಂದರೆ.

ಅಂದಹಾಗೆ, ನಮಗೆ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಇಲ್ಲ ಅಂತ ಯಾರು ಹೇಳಿದ್ದು? ಬಜ್ಪೆ ಇದೆಯಲ್ಲ. 1951ರ ಡಿಸೆಂಬರ್ 25ರಂದು ನೆಹರೂ ಡಗ್ಲಾಸ್ ಡಿಸಿ-3ಯಲ್ಲಿ ಬಂದಿಳಿದು ಉದ್ಘಾಟಿಸಿದ ನಿಲ್ದಾಣ. ಗುಡ್ಡದ ತಲೆ ಸವರಿ ಮಾಡಿದ ರನ್‌ವೇ, ತುದಿಯಲ್ಲಿ ಕಣಿವೆ. 2010ರ ಮೇ 22ರಂದು ದುಬೈನಿಂದ ಬಂದ ವಿಮಾನ ಆ ತುದಿ ದಾಟಿ ಬಿದ್ದು 158 ಜನ ಸತ್ತದ್ದು ನಮ್ಮ ತಲೆಮಾರಿನವರಿಗೆ ಮರೆಯೋಕಾಗಲ್ಲ. ಗುಡ್ಡದ ಮೇಲೆ ರನ್‌ವೇ ಮಾಡುವುದರಲ್ಲಿ ತಪ್ಪಿಗೆ ಜಾಗ ಎಷ್ಟು ಕಡಿಮೆ ಅಂತ ನಮಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ. ಬಾಳೂರಿನಿಂದ ಬಜ್ಪೆಗೆ ನೂರು ಚಿಲ್ಲರೆ ಕಿಲೋಮೀಟರ್, ಅಂಬಳೆಗೆ ಎಪ್ಪತ್ತು. ಆ ಮೂವತ್ತೈದು ಕಿಲೋಮೀಟರ್ ಉಳಿಸೋಕೆ ಹೊಸ ರನ್‌ವೇ ಬೇಕಾ, ಅಥವಾ ರಾಷ್ಟ್ರೀಯ ಹೆದ್ದಾರಿ 73 ಮಳೆಗಾಲದಲ್ಲೂ ಹೆದ್ದಾರಿಯಾಗಿಯೇ ಉಳಿದರೆ ಸಾಕಾ?

ನಿಜವಾಗಿ ದ್ವೀಪ ಆಗೋದು ನಾವು ಮಳೆಗಾಲದಲ್ಲಿ. ಭದ್ರೆ ಉಕ್ಕಿದರೆ ಕಳಸ–ಹೊರನಾಡಿನ ನಡುವಿನ ಹೆಬ್ಬಾಳೆ ಸೇತುವೆ ಮುಳುಗುತ್ತೆ, ಇದು ಪ್ರತಿವರ್ಷದ ಸುದ್ದಿ. ಆ ಪುಟ್ಟ ಸೇತುವೆ ಎತ್ತರಿಸೋಕೆ ಆಗದೆ ಇಷ್ಟು ವರ್ಷ ಕಳೆದ ನಾಡಿನಲ್ಲಿ ರನ್‌ವೇ ಮಾತು ಕೇಳಿದಾಗ ನಗು ಬರುತ್ತೆ.

ಜಾಗ ಯಾರಿಗೆ ಸಿಗುತ್ತೆ

2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಗುಡ್ಡಗಳು ಜಾರಿದವು. ಬಾಳೂರು ಹೋಬಳಿಯ ಮಲೆಮನೆ, ಮಧುಗುಂಡಿಯ ಹೆಸರು ಆಗ ಟಿವಿಯಲ್ಲಿ ಬಂತು. ಮನೆ, ಗದ್ದೆ, ತೋಟ ಎಲ್ಲ ಮಣ್ಣಿನಡಿ ಹೋದವು. ಸಂಭ್ರಮದಿಂದ ಬದುಕಿದ್ದ ಊರು ಒಂದು ಮಧ್ಯಾಹ್ನಕ್ಕೆ ಇಲ್ಲವಾಯಿತು. ಬಂದ ನಾಯಕರೆಲ್ಲ ಬೇರೆ ಕಡೆ ಜಾಗ ಕೊಡ್ತೀವಿ ಅಂದರು. ಕಂದಾಯ ಭೂಮಿಯೋ, ಅರಣ್ಯವೋ, ಡೀಮ್ಡ್ ಅರಣ್ಯವೋ ಅನ್ನುವ ಜಗಳದಲ್ಲಿ ಆ ಕುಟುಂಬಗಳು ವರ್ಷಗಟ್ಟಲೆ ಬಾಡಿಗೆ ಮನೆ, ನೆಂಟರ ಮನೆ ಅಂತ ಅಲೆದವು. ಒಂದೆಕರೆ ಎರಡೆಕರೆ ಹುಡುಕೋಕೆ ಇಷ್ಟು ಕಷ್ಟ ಇರುವ ಜಿಲ್ಲೆಯಲ್ಲಿ ರನ್‌ವೇಗೆ ನೂರಿಪ್ಪತ್ತು ಎಕರೆ ಗುರುತಿಸೋಕೆ ಆಗುತ್ತೆ. ಅಂಬಳೆಯ ಜಾಗವನ್ನು ಇವರಿಗೆ ಕೊಡಿ ಅಂತಲ್ಲ ನಾನು ಹೇಳ್ತಿರೋದು, ಬಾಳೂರಿನ ಕೂಲಿಗೆ ಅಂಬಳೆಯಲ್ಲಿ ಏನು ಕೆಲಸ? ಯಾವ ಫೈಲು ಬೇಗ ಓಡುತ್ತೆ, ಯಾವುದು ಓಡಲ್ಲ ಅಂತ ನೋಡಿ ಅಷ್ಟೇ.

2001ರಿಂದ 2011ರ ನಡುವೆ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ ಏರಲಿಲ್ಲ, ಮೂರು ಸಾವಿರದಷ್ಟು ಇಳಿಯಿತು. 11,40,905 ಇದ್ದದ್ದು 11,37,961. ಇಡೀ ರಾಜ್ಯ ಬೆಳೆಯುವಾಗ ನಾವು ಕುಗ್ಗಿದೆವು. ನನ್ನಂಥವರು ಓದಿ ಬೆಂಗಳೂರಿಗೆ ಹೋದೆವು, ತೋಟದ ಕೆಲಸಕ್ಕೆ ಅಸ್ಸಾಮಿನವರು ಬಂದರು. ಅವರು ಮೂರು ದಿನ ರೈಲಿನಲ್ಲಿ ಕೂತು ಬರ್ತಾರೆ. ಚಿಕ್ಕಮಗಳೂರಿಗೆ ಕಡೂರಿನಿಂದ ರೈಲು ಬಂದದ್ದೇ 2013ರಲ್ಲಿ. ಅಲ್ಲಿಂದ ಮುಂದಕ್ಕೆ ಬೇಲೂರಿನ ಕಡೆಗಿನ ಹಳಿ ಬಗ್ಗೆ ಎಷ್ಟು ಜನ ಟ್ವೀಟ್ ಮಾಡ್ತೀರಿ?

ಪ್ರವಾಸಿಗಳು ಬರಬಾರದು ಅಂತ ನನ್ನ ವಾದ ಅಲ್ಲ. ಎಷ್ಟು ಜನ, ಯಾವಾಗ, ಯಾರು ನಿರ್ಧರಿಸಬೇಕು ಅನ್ನೋದು ಪ್ರಶ್ನೆ. ಇದಕ್ಕೆ ಉತ್ತರ ಹುಡುಕುವ ಕೆಲಸ ನಮ್ಮಲ್ಲೇ ಶುರುವಾಗಿದೆ. 2024ರ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದಲ್ಲಿ ಸಾವಿರಾರು ಜನ ಮುಗಿಬಿದ್ದ ಮೇಲೆ ಅರಣ್ಯ ಇಲಾಖೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ತಂದಿತು, ಒಂದು ದಾರಿಗೆ ದಿನಕ್ಕೆ 300 ಜನ. ನಮ್ಮ ಎತ್ತಿನಭುಜಕ್ಕೂ ಬುಕಿಂಗ್ ಬೇಕು. ಮುಳ್ಳಯ್ಯನಗಿರಿ ಸಾಲಿಗೆ 2025ರ ಸೆಪ್ಟೆಂಬರ್‌ನಿಂದ ಮೊದಲೇ ನೋಂದಾಯಿಸಿದ ಗಾಡಿಗಳಿಗೆ ಮಾತ್ರ ಪ್ರವೇಶ, ಬೆಳಗ್ಗೆ ಒಂದು ಪಾಳಿ, ಮಧ್ಯಾಹ್ನ ಒಂದು. ಬಾಲಿ 2024ರ ಫೆಬ್ರುವರಿಯಿಂದ ತಲೆಗೆ ಒಂದೂವರೆ ಲಕ್ಷ ರುಪಿಯಾ, ನಮ್ಮ ಲೆಕ್ಕದಲ್ಲಿ ಎಂಟುನೂರು ರೂಪಾಯಿ ಆಸುಪಾಸು, ವಸೂಲಿ ಮಾಡುತ್ತಿದೆ. ಅರವತ್ತು ಲಕ್ಷ ಜನ ಬಂದ ಮೇಲೆ ಗೇಟು ಹಾಕಿದ ಹಾಗಾಯಿತು ಅದು.

ಲಕ್ಷದ್ವೀಪ ಮಾತ್ರ ಗೇಟನ್ನು ಮೊದಲೇ ಹಾಕಿಕೊಂಡಿತ್ತು. ಹೊರಗಿನವರಿಗೆ ಪರ್ಮಿಟ್ ಬೇಕು. ಕರ್ನಾಟಕ ಹೈಕೋರ್ಟಿನಲ್ಲಿದ್ದು ಮುಂದೆ ಸುಪ್ರೀಂ ಕೋರ್ಟಿಗೆ ಹೋದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರ ಸಮಿತಿ ಅಲ್ಲಿನ ಒಂದೊಂದು ದ್ವೀಪದ ಧಾರಣಶಕ್ತಿ ನೋಡಿ ಯೋಜನೆ ಮಾಡಬೇಕು ಅನ್ನುವ ದಾರಿ ಹಾಕಿಕೊಟ್ಟಿತು. ಆ ದಾರಿಯಲ್ಲೇ ಎಲ್ಲ ನಡೆದಿದೆ ಅಂತಲ್ಲ. 2024ರ ಜನವರಿಯಲ್ಲಿ ಪ್ರಧಾನಿ ಅಲ್ಲಿ ಸ್ನಾರ್ಕೆಲಿಂಗ್ ಮಾಡಿದ ಫೋಟೊ ಬಂದ ಮೇಲೆ ಅಲ್ಲೂ ಒತ್ತಡ ಏರಿದೆ. ಆದರೂ ಲೆಕ್ಕ ಮೊದಲು, ರನ್‌ವೇ ಆಮೇಲೆ ಅನ್ನುವ ಕ್ರಮ ಒಂದು ಇದೆ. ಮೂಡಿಗೆರೆ, ಕಳಸದ ಒಂದೊಂದು ಹೋಬಳಿಗೆ ಎಷ್ಟು ನೀರಿದೆ, ಎಷ್ಟು ಹೋಂಸ್ಟೇ ಇವೆ, ಅದರಲ್ಲಿ ನೋಂದಣಿ ಆದದ್ದೆಷ್ಟು, ಕಕ್ಕಸಿನ ನೀರು ಯಾವ ಹಳ್ಳಕ್ಕೆ ಬೀಳುತ್ತೆ? ಹೇಮಾವತಿ ಹುಟ್ಟೋದು ಬಾಳೂರಿನ ಪಕ್ಕದ ಜಾವಳಿಯಲ್ಲಿ. ಹಾಸನದವರು, ತುಮಕೂರಿನವರು ಕುಡಿಯುವ ನೀರು ಅದು.

ಅಂಬಳೆಯ ಯೋಜನಾ ವರದಿಯನ್ನು ಕನ್ನಡದಲ್ಲಿ, ಗ್ರಾಮಸಭೆಯಲ್ಲಿ, ಎಲ್ಲರೂ ನೋಡುವ ಹಾಗೆ ಇಡಲಿ. ಯಾವ ವಿಮಾನ, ಎಷ್ಟು ಸೀಟು, ವರ್ಷದಲ್ಲಿ ಎಷ್ಟು ದಿನ ಇಳಿಯಬಹುದು ಅನ್ನುವ ಮೂರು ಸಾಲು ಅದರಲ್ಲಿ ಇದೆಯಾ ಅಂತ ಮೊದಲು ನೋಡಬೇಕು. ಇದ್ದು, ನನ್ನ ಲೆಕ್ಕ ತಪ್ಪು ಅಂತ ಸಾಬೀತಾದರೆ ಇದೇ ಜಾಗದಲ್ಲಿ ತಿದ್ದಿ ಬರೀತೀನಿ.

ಇದನ್ನೆಲ್ಲ ಬಾಳೂರಿನ ಹೋಟೆಲಿನಲ್ಲಿ ಕೂತು, ಬಿಲ್ಲಿನ ಹಿಂದೆ ಗುಣಾಕಾರ ಭಾಗಾಕಾರ ಮಾಡಿ ತಮ್ಮನಿಗೆ ತೋರಿಸಿದೆ. 2018ರಲ್ಲಿ ಕೊಡಗಿನ ಗುಡ್ಡಗಳು ಜಾರಿದಾಗ ಜಿಯಾಲಾಜಿಕಲ್ ಸರ್ವೆಯವರು ಇಳಿಜಾರು ಕಡಿದದ್ದನ್ನೂ ಕಾರಣವಾಗಿ ಹೇಳಿದ್ದರು ಅಂತ ಹೇಳಿದೆ. ನಿನ್ನ ಕಾಟೇಜಿನ ಜಾಗ ಅಂಥದ್ದೇ ಇಳಿಜಾರು ಅಂತಲೂ ಹೇಳಿದೆ. ಕಾಫಿಗೆ ಈಗ ಒಳ್ಳೇ ರೇಟಿದೆ, ಸಾಲ ಮಾಡೋ ಹೊತ್ತಲ್ಲ ಇದು ಅಂದೆ. ಅವನು ಪೂರ್ತಿ ಕೇಳಿಸಿಕೊಂಡ. ಬಿಲ್ಲು ಮಡಚಿ ಜೇಬಿಗೆ ಹಾಕಿಕೊಂಡ.

“ಲೆಕ್ಕ ಸರಿ ಅಣ್ಣಾ,” ಅಂದ. “ಆದ್ರೆ ಪಕ್ಕದ ತೋಟದೋರು ಸೋಮವಾರ ಜೆಸಿಬಿ ತರಿಸ್ತಿದ್ದಾರೆ. ಅವರ ಗುಡ್ಡ ಕಡಿದ್ರೆ ಮಣ್ಣು ಬರೋದು ನಮ್ಮ ತೋಟಕ್ಕೇ. ಅದಕ್ಕೆ ಯಾರನ್ನ ಕೇಳ್ಬೇಕು?”

ಪಂಚಾಯಿತಿಗೆ ಅರ್ಜಿ ಕೊಡೋಣ ಅಂದೆ. ಅಲ್ಲೇ ಕೂತು ಬರೆದೆವು. ಸೋಮವಾರಕ್ಕೆ ಇನ್ನೂ ಎರಡು ದಿನ ಇತ್ತು.